ಬಂಕಿನ ಹಲಗೆ ಹೇಳದ ಮಾತು

ರಾಯಚೂರು ಸೀಮೆಯ ಪೆಟ್ರೋಲ್ ಬಂಕುಗಳನ್ನು ನೋಡಿಕೊಳ್ಳುವ ತೈಲ ಕಂಪನಿಯ ಮಾರಾಟ ಅಧಿಕಾರಿಗಳಿಗೆ,

ಮಾನ್ಯರೇ,

ತಮ್ಮ ಬಂಕಿನ ಹಲಗೆಯನ್ನು ನಂಬಿ ನನ್ನ ಅಪ್ಪ ಕೆಟ್ಟರು. ತಮ್ಮ ಕ್ಷೇಮ ವಿಚಾರಿಸುವಷ್ಟು ಸಮಾಧಾನ ನನ್ನಲ್ಲಿ ಉಳಿದಿಲ್ಲ.

ಅಪ್ಪ ಹಂಪಯ್ಯ, ದೇವದುರ್ಗ ತಾಲ್ಲೂಕಿನ ಮಸರಕಲ್ಲಿನ ನಿವೃತ್ತ ಶಾಲಾ ಮಾಸ್ತರು. ಅವರದೊಂದು ಇಪ್ಪತ್ತೈದು ವರ್ಷ ದಾಟಿದ ಸಣ್ಣ ಕಾರು. ಅವ್ವ ಸೂಗಮ್ಮನ ಕಿಡ್ನಿ ಕೈಕೊಟ್ಟ ಮೇಲೆ ವಾರಕ್ಕೆರಡು ಸಲ ಡಯಾಲಿಸಿಸ್‌ಗೆ ಅದರಲ್ಲೇ ರಾಯಚೂರಿಗೆ ಕರೆದೊಯ್ಯುತ್ತಿದ್ದರು. ನಮ್ಮ ಕಡೆ ಮುಪ್ಪಿನವರ ತಾಟಿಗೆ ಮನೆಯಲ್ಲಿರುವ ತುಪ್ಪವನ್ನೆಲ್ಲ ಬಡಿಸುವ ರೂಢಿ. ಅಪ್ಪ ಅದನ್ನು ಕಾರಿಗೂ ಅನ್ವಯಿಸಿದರು. ಬಂಕಿನ ಹುಡುಗ ಮೌನೇಶನನ್ನು ಕೇಳಿದರು: "ಗಾಡಿಗಿ ವಯಸ್ಸಾಗ್ಯಾದ. ಯಾವ ಪೆಟ್ರೋಲ್ ಚಲೋ, ತಮ್ಮಾ?" ಅವನು ಹಲಗೆಯತ್ತ ಕೈ ತೋರಿಸಿದ. "ನಂಬರ್ ದೊಡ್ಡದಿದ್ದಷ್ಟು ಚಲೋ ನೋಡ್ರಿ ಸರ. ನಮಗ ಹಂಗ ಹೇಳ್ರಿ ಅಂದಾರ." ಅಂದಿನಿಂದ ಅಪ್ಪ ಹಲಗೆಯಲ್ಲಿ ತೊಂಬತ್ತೈದು ಆಕ್ಟೇನ್ ಎಂದಿದ್ದ ದುಬಾರಿ ಪೆಟ್ರೋಲನ್ನೇ ಹಾಕಿಸಿದರು. ಮೌನೇಶನ ಮೇಲೆ ನನಗೆ ಸಿಟ್ಟಿಲ್ಲ, ಹಾಗೆ ಹೇಳಿಕೊಟ್ಟವರ ಮೇಲಿದೆ.

ನಾನು ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ಬಾಯ್ಲರ್ ನೋಡಿಕೊಳ್ಳುವವಳು. ಯಾವ ಬಾಯ್ಲರಿಗೆ ಎಂಥ ಕಲ್ಲಿದ್ದಲು ಎಂದು ನೋಡದೆ ಸುರಿದರೆ ನಮ್ಮಲ್ಲಿ ಕೆಲಸ ಹೋಗುತ್ತದೆ. ತಮ್ಮಲ್ಲಿ ಬಹುಶಃ ಬಡ್ತಿ ಸಿಗುತ್ತದೆ. ಆಕ್ಟೇನ್ ಸಂಖ್ಯೆ ಹೇಳುವುದು ಇಷ್ಟೇ: ಇಂಜಿನ್ನಿನ ಒತ್ತಡದಲ್ಲಿ ಪೆಟ್ರೋಲ್ ಹೊತ್ತಿಗೆ ಮೊದಲೇ ಉರಿದು ಕಟಕಟ ಎನ್ನದೆ ಎಷ್ಟು ತಡೆದುಕೊಳ್ಳುತ್ತದೆ ಎಂದು. ಅಪ್ಪನ ಕಾರಿನ ಇಂಜಿನ್ನಿಗೆ ಅಂಥ ಒತ್ತಡವೇ ಇಲ್ಲ. ಅದಕ್ಕೆ ಸಾದಾ ಪೆಟ್ರೋಲೇ ಸಾಕಿತ್ತು. ದೊಡ್ಡ ಸಂಖ್ಯೆಯಿಂದ ಅದಕ್ಕೆ ಬಲವೂ ಬರದು, ಆಯುಷ್ಯವೂ ಬರದು. ಬೇಕಾಗಿದ್ದ ಸುದ್ದಿಯೇ ಬೇರೆ. ಸಾದಾದ್ದರಲ್ಲೂ ದುಬಾರಿಯದ್ದರಲ್ಲೂ ತಾವು ಎಥೆನಾಲ್ ಬೆರೆಸಿದ್ದೀರಿ, ಅದು ಹಳೆಯ ಕಾರಿನ ರಬ್ಬರ್ ಪೈಪುಗಳನ್ನು ತಿನ್ನಬಲ್ಲದು, ಪೈಪು ಬದಲಿಸಿಕೊಳ್ಳಬೇಕು ಎಂಬುದು. ತೊಂಬತ್ತೈದು ಎಂದು ಆಳೆತ್ತರಕ್ಕೆ ಬರೆಸಿದ ತಮಗೆ ಈ ಒಂದು ಸಾಲಿಗೆ ಬಣ್ಣ ಸಾಲದೆ ಹೋಯಿತೇ?

ಕಳೆದ ಬೇಸಿಗೆಯಲ್ಲಿ ಗಬ್ಬೂರು ದಾಟಿದ ಮೇಲೆ ಪೈಪು ಬಿರಿದು, ಕಾದ ಇಂಜಿನ್ನಿನ ಮೇಲೆ ಪೆಟ್ರೋಲ್ ಸೋರಿತು. ವಾಸನೆ ಬಂದದ್ದೇ ಅಪ್ಪ ಗಾಡಿ ನಿಲ್ಲಿಸಿ ಅವ್ವನನ್ನು ಎಳೆದು ಇಳಿಸಿದರು. ಆ ಬಿಸಿಲಲ್ಲಿ ಇಬ್ಬರೂ ಜಾಲಿಗಿಡದ ಅರೆನೆರಳಿಗೆ ಕೂತರು. ಮೆಣಸಿನಕಾಯಿ ಚೀಲ ಹೇರಿಕೊಂಡು ಬಂದ ಮೂರು ಗಾಲಿಯ ಟಂಟಂ ಗಾಡಿಯ ಚಾಲಕ ಕುತುಬುದ್ದೀನ್, "ಯವ್ವಾ, ಮುಂದ ಕುಂದರ್ರಿ. ಚೀಲ ಆಮ್ಯಾಲ ಮುಟ್ಟಿಸ್ತೀನಿ" ಎಂದು ಇಬ್ಬರನ್ನೂ ನೇರ ಆಸ್ಪತ್ರೆಗೆ ಒಯ್ದ. ಅಷ್ಟರಲ್ಲಿ ಅವ್ವನ ಪಾಳಿ ಹೋಗಿತ್ತು, ಯಂತ್ರದಲ್ಲಿ ಬೇರೆಯವರಿದ್ದರು. ಮುಂದಿನ ಪಾಳಿ ಬರುವವರೆಗೆ ಅವಳು ಮಲಗಲಾರದೆ ಗೋಡೆಗೆ ಒರಗಿ ಕೂತೇ ಉಸಿರೆಳೆದಳು. ಬದುಕಿದ್ದಾಳೆ. ಅದರಲ್ಲಿ ತಮ್ಮ ಉಪಕಾರವೇನೂ ಇಲ್ಲ.

ದೂರು ಕೊಟ್ಟರೆ ತಮ್ಮ ಕಚೇರಿ ಗಾಯದ ಮೇಲೆ ಬರೆ ಎಳೆಯಿತು: "ವಾಹನ ತಯಾರಕರನ್ನು ಸಂಪರ್ಕಿಸಿ." ಆ ಕಾರನ್ನು ತಯಾರಿಸುವುದೇ ನಿಂತು ಎಷ್ಟೋ ವರ್ಷಗಳಾದವು. ಹೊಸ ಕಾರು ಕೊಳ್ಳಲಾಗದವರು ನಡೆದುಕೊಂಡು ಹೋಗಲಿ ಎಂದು ಬಾಯಿಬಿಟ್ಟು ಹೇಳಲು ನಾಚಿಕೆಯಾಯಿತೇನು?

ಪೈಪು ಬದಲಿಸಿದ್ದೇನೆ. ಕಾರು ಓಡುತ್ತದೆ. ಅಪ್ಪ ಮಾತ್ರ ಅದರ ಕೀಲಿ ಮುಟ್ಟುವುದಿಲ್ಲ. ಅವ್ವ ಬಸ್ಸಿನ ಕಂಬ ಹಿಡಿದು ಹೋಗಿಬರುತ್ತಾಳೆ. "ತಪ್ಪು ನಿಂದಲ್ಲ ಯಪ್ಪಾ" ಎಂದು ನಾನು ಹೇಳಿದರೆ ಅಪ್ಪ ಇಲ್ಲವೆಂದು ತಲೆಯಾಡಿಸುತ್ತಾರೆ. "ನನ್ನ ಕೈಯಾರೆ ನಿಮ್ಮವ್ವನ್ನ ಸುಡಾಕ ಹೊಂಟಿದ್ದೆ. ಹಲಗಿ ಮ್ಯಾಲ ಸರಿಯಾಗೇ ಬರ್ದಿದ್ರು, ನಾನೇ ಏನೋ ತಪ್ಪು ಮಾಡೀನಿ."

ಮಾನ್ಯರೇ, ಬೇಡಿಕೆ ಒಂದೇ. ಪ್ರತಿ ಬಂಕಿನಲ್ಲೂ ಆ ತೊಂಬತ್ತೈದರ ಪಕ್ಕದಲ್ಲಿ, ಅದೇ ಗಾತ್ರದ ಕನ್ನಡದಲ್ಲಿ, ಅದರೊಳಗೆ ಏನು ಬೆರೆತಿದೆ, ಹಳೆಯ ಗಾಡಿಗೆ ಅದು ಏನು ಮಾಡುತ್ತದೆ ಎಂದು ಬರೆಸಿ. ಮೊದಲು ಅಪ್ಪ ಹೋಗುವ ಬಂಕಿನಲ್ಲಿ ಬರೆಸಿ. ಮಗಳು ಹೇಳಿದ್ದು ಬರೀ ಸಮಾಧಾನದ ಮಾತೆಂದು ಅವರು ತಿಳಿದಿದ್ದಾರೆ. ಜೀವಮಾನವಿಡೀ ಹಲಗೆಯ ಮೇಲೆ ಸುಳ್ಳು ಬರೆಯದ ಮನುಷ್ಯ, ಹಲಗೆಯ ಮೇಲೆ ಬರೆದರೆ ಮಾತ್ರ ನಂಬುತ್ತಾರೆ.

ಇಂತಿ,
ತಮ್ಮ ಅತ್ಯುತ್ತಮ ಪೆಟ್ರೋಲನ್ನೇ ಹಾಕಿಸಿ ಸೋತವರ ಮಗಳು,
ವಿಶಾಖಾ
ಶಕ್ತಿನಗರ