ಹಿತ್ತಲ ಗೋಡೆಯ ಗುಬ್ಬಿಗೂಡು

ಅತ್ತೆಯವರೇ, ನಿಮ್ಮ ಸೊಸೆಯ ಶರಣು.

ನೀವಿದ್ದಾಗ ಎದುರು ನಿಂತು ಹೇಳಲಾಗದ ಒಂದು ಮಾತಿದೆ. ನನ್ನ ಬಾಯಿ ಎಷ್ಟು ಜೋರು ಎಂದು ನಿಮಗೆ ಗೊತ್ತೇ ಇದೆ. ಆದರೂ ಈ ಒಂದು ಮಾತಿಗೆ ಮೂರು ವರ್ಷ ನಾಲಿಗೆ ಏಳಲಿಲ್ಲ.

ಮದುವೆಯಾಗಿ ಭಾತಂಬ್ರಾದಿಂದ ಬೀದರಿನ ಈ ಮನೆಗೆ ಬಂದ ಮರುದಿನ ಬೆಳಿಗ್ಗೆ ನೀವು ಹಿತ್ತಲಿನಿಂದ ಕೂಗಿದ್ದು ನೆನಪಿದೆಯೇ? "ಲಗೂ ಬಾರವ್ವ, ಜಂಗಮರು ಬಂದಾರ." ಹೊಸ ಸೊಸೆ ನಾನು, ತಲೆ ಮೇಲೆ ಸೆರಗು ಹೊದ್ದು, ಸ್ವಾಮಿಗಳ ಪಾದ ತೊಳೆಯಲೆಂದು ತಂಬಿಗೆ ನೀರು ಹಿಡಿದು ಓಡಿ ಬಂದೆ. ನೋಡಿದರೆ ಕೆಂಪುಕಲ್ಲಿನ ಗೋಡೆಯ ಬುಡದಲ್ಲಿ ಏಳೆಂಟು ಗುಬ್ಬಿಗಳು ಜೋಳದ ನುಚ್ಚು ಹೆಕ್ಕುತ್ತಿದ್ದವು. ನೀವು ಬಾಯಿಗೆ ಸೆರಗಿಟ್ಟು ನಕ್ಕಿರಿ. ನನಗೆ ಸಿಟ್ಟು ಬಂದಿತ್ತು.

ಅಂಗೈಯಲ್ಲಿ ಲಿಂಗವಿಟ್ಟುಕೊಂಡು ನೀವು ಪೂಜೆಗೆ ಕೂರುತ್ತಿದ್ದದ್ದೂ ಆ ಗೋಡೆಯ ಮುಂದೆಯೇ. ಮೊದಲು ಗುಬ್ಬಿಗಳಿಗೆ ಒಂದು ಹಿಡಿ ನುಚ್ಚು, ಆಮೇಲೆ ನಿಮ್ಮ ಚಹಾ. ಅವು ಕಲ್ಲಿನ ಸಂದಿಯಲ್ಲಿ ಹುಲ್ಲು ತುರುಕುವುದನ್ನು ನೋಡುತ್ತಾ ಚಹಾ ಆರಿಸಿಬಿಡುತ್ತಿದ್ದಿರಿ. ನಾನು ಹಿಕ್ಕೆ ತೊಳೆಯುತ್ತಾ ಗೊಣಗುತ್ತಿದ್ದೆ, "ದಿನಾ ಕರದರ ದಿನಾ ಬರ್ತಾವ್ರಿ." ನೀವು ಹೇಳುತ್ತಿದ್ದಿರಿ, "ಕರಿಯೋದು ನಮ್ಮ ಕೈಯಾಗಿಲ್ಲವ್ವ. ಬಾಗಿಲ ತೆರದಿಡೋದಷ್ಟ ನಮ್ಮ ಕೆಲಸ."

ನಿಮ್ಮ ಮೊಮ್ಮಗಳನ್ನು ನೋಡಲು ಭಾಲ್ಕಿಯಿಂದ ಗಂಡಿನ ಕಡೆಯವರು ಬರುತ್ತಾರೆ ಎಂದಾಗ ನೀವು ಔರಾದ ಕಡೆ, ತವರು ಎಕಂಬಾಕ್ಕೆ ಹೋಗಿದ್ದಿರಿ. ಹಿಕ್ಕೆ ಇಳಿದ ಆ ಗೋಡೆ ಬೀಗರ ಕಣ್ಣಿಗೆ ಬೀಳಬಾರದೆಂದು ಗೌಂಡಿಯನ್ನು ಕರೆಸಿ ಸಿಮೆಂಟು ಮೆತ್ತಿಸಿದೆ. ಅವನು ಏಣಿಯ ಮೇಲಿಂದ ಕೇಳಿದ, "ಅಕ್ಕಾರ, ಸಂದಿನ್ಯಾಗ ಹುಲ್ಲ ಅದರಿ. ತಗದು ನೋಡ್ಲೇನ್ರಿ?" ಒಲೆಯ ಮೇಲೆ ಹೂರಣ ತಳ ಹಿಡಿಯುತ್ತಿತ್ತು. ಅಡುಗೆಮನೆಯಿಂದಲೇ ಹೇಳಿದೆ, "ಏನಿಲ್ಲಪಾ, ಮುಚ್ಚು."

ನೀವು ಬಂದು ಗೋಡೆಯ ಮೇಲೆ ಕೈಯಾಡಿಸಿದಿರಿ. "ಗೂಡಿನ್ಯಾಗ ಏನರ ಇತ್ತೇನವ್ವ?"

"ಖಾಲಿ ಇತ್ರಿ. ನಾನೇ ನೋಡೇನಿ."

"ಹಂಗಾರ ಬಿಡು" ಎಂದಿರಿ. ನಂಬಿದಿರೋ, ನನ್ನ ಮುಖ ಉಳಿಸಿದಿರೋ? ಗುಬ್ಬಿಗಳು ತಿರುಗಿ ಬರಲಿಲ್ಲ. ಆದರೂ ಸಾಯುವವರೆಗೆ, ಮೂರು ವರ್ಷ, ಆ ಬೋಳು ಗೋಡೆಯ ಮುಂದೆ ನುಚ್ಚು ಹಾಕಿ ಕೂತಿರಿ. ಸಂಜೆ ಅದನ್ನು ಇರುವೆಗಳು ಒಯ್ಯುತ್ತಿದ್ದವು. ಒಂದು ದಿನವೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ನಾನು...

ನೀವು ಹೋದ ಮೇಲೆ ನಿಮ್ಮ ಜಾಗದಲ್ಲಿ ನಾನು ಕೂರತೊಡಗಿದೆ. ಒಂದು ಬೆಳಿಗ್ಗೆ ಎರಡು ಬೆಳವಕ್ಕಿಗಳು ಇಳಿದು, ಹೆದರುತ್ತಲೇ ನುಚ್ಚು ತಿಂದವು. ಅಷ್ಟಕ್ಕೇ ಎದೆ ಹಗುರಾಯಿತು, ಕಣ್ಣಲ್ಲಿ ನೀರೂ ಬಂತು. ಈ ಸುಖವನ್ನು ನಿಮ್ಮಿಂದ ಕಿತ್ತುಕೊಂಡೆನಲ್ಲ ಎಂದು ಅವತ್ತು ಊಟ ಸೇರಲಿಲ್ಲ.

ಹೋದ ವಾರ ಅದೇ ಗೌಂಡಿಯನ್ನು ಕರೆಸಿ ಸಂದಿ ಬಿಡಿಸಿದೆ. ಒಳಗೆ ನೋಡಲು ಈ ಸಲ ನಾನೇ ಏಣಿ ಹತ್ತಿದೆ. ಕೆಳಗೆ ಏಣಿ ಹಿಡಿದು ನಿಂತ ನಿಮ್ಮ ಮಗ, "ಈ ವಯಸ್ಸಿನ್ಯಾಗ ಬೇಕೇನ ನಿನಗ?" ಎಂದು ಬೈಯುತ್ತಿದ್ದರು. ಒಣಹುಲ್ಲು, ನಿಮ್ಮ ಹಸಿರು ಸೀರೆಯ ಒಂದು ಎಳೆ. ನಡುವೆ ಎರಡು ಮೊಟ್ಟೆ. ಅಂಗೈಯಲ್ಲಿ ಇಟ್ಟುಕೊಂಡರೆ ತೂಕವೇ ಇರಲಿಲ್ಲ.

ಖಾಲಿ ಇರಲಿಲ್ಲ, ಅತ್ತೆಯವರೇ. ನಾನು ನೋಡಿರಲೂ ಇಲ್ಲ. ತಪ್ಪಾಯಿತು.

ನೀವು ಕೂರುತ್ತಿದ್ದ ಕಲ್ಲಿನ ಪಕ್ಕ ಆ ಮೊಟ್ಟೆಗಳನ್ನು ಮಣ್ಣು ಮಾಡಿ ವಿಭೂತಿ ಇಟ್ಟೆ. ಗೂಡನ್ನು ಸಂದಿಯಲ್ಲೇ ಬಿಟ್ಟೆ. ಆ ಸಂದಿಯನ್ನು ಇನ್ನು ನಾನಿರುವವರೆಗೆ ಯಾರೂ ಮುಚ್ಚುವುದಿಲ್ಲ. ಇವತ್ತು ಬೆಳಿಗ್ಗೆ ಒಂದು ಹೆಣ್ಣುಗುಬ್ಬಿ ಅದರ ಅಂಚಿಗೆ ಬಂದು ಕೂತಿತು. ತಲೆ ಒಳಗೆ ಹಾಕಿ ನೋಡಿತು, ಹೊರಗೆ ತೆಗೆಯಿತು, ಮತ್ತೆ ಹಾಕಿ ನೋಡಿತು. ನನಗೇ ತಿಳಿಯದೆ ಕೂಗಿಬಿಟ್ಟೆ, "ಲಗೂ ಬರ್ರಿ, ಜಂಗಮರು ಬಂದಾರ." ನಿಮ್ಮ ಮಗ ಬರಿಗಾಲಲ್ಲಿ ಓಡಿ ಬಂದರು. ಅಷ್ಟರಲ್ಲಿ ಅದು ಹಾರಿಹೋಗಿತ್ತು. ನಾನು ಮತ್ತೆ ಏಣಿ ಹತ್ತಿದೆ.

ಗೂಡು ಖಾಲಿ ಇದೆ, ಅತ್ತೆಯವರೇ. ಈ ಸಲ ನೋಡಿಯೇ ಹೇಳುತ್ತಿದ್ದೇನೆ.