ಉಪ್ಪುಮೀನಿನ ಮರುದಿನ

ಏಪ್ರಿಲ್ 4, ಶುಕ್ರವಾರ. ಬೆಳಗ್ಗೆ 6

73.2.

ಬಚ್ಚಲ ಚಿಲಕ ಹಾಕಿ, ಓಲೆ ಬಿಚ್ಚಿ, ಉಂಗುರ ಕಳಚಿ ಸೋಪಿನ ಬಟ್ಟಲಲ್ಲಿಟ್ಟು, ಉಸಿರನ್ನೂ ಪೂರ್ತಿ ಹೊರಗೆ ಬಿಟ್ಟು ತೂಕದ ಮಷೀನು ಹತ್ತಿದ್ದು. ಮದುವೆಯ ಉಂಗುರದ ತೂಕವೆಷ್ಟಿದ್ದೀತು! ಅದನ್ನೂ ಬಿಡುವವಳಲ್ಲ ನಾನು.

ಹಬ್ಬದ ಕಹ್ಕ್ ಬಿಸ್ಕತ್ತಿನ ಡಬ್ಬಿ ಇನ್ನೂ ಅರ್ಧ ತುಂಬಿದೆ. ಒಂದನ್ನೂ ಮುಟ್ಟಿಲ್ಲ. ಮುಚ್ಚಳ ತೆಗೆದು ವಾಸನೆ ನೋಡಿ ಮುಚ್ಚಿದ್ದೇನೆ, ಅಷ್ಟೆ. ಹಾಗೆ ಮಾಡಿಯೇ 103ರಿಂದ ಇಲ್ಲಿಗೆ ಬಂದದ್ದು. ಹತ್ತಿರ ಹತ್ತಿರ ಎರಡು ವರ್ಷ.

ನಿನ್ನೆ ಡಾಕ್ಟರ್ ಮಗ್ದಾ ಫೈಲು ಮುಚ್ಚಿದರು. "ಇನ್ನು ಇಳಿಸೋದು ಸಾಕು, ಬಹೀಗಾ. ಬೆಳಗ್ಗೆ ಅರ್ಧ ರೊಟ್ಟಿ, ಮಧ್ಯಾಹ್ನ ಒಂದು ಹಿಡಿ ಅನ್ನ ಸೇರಿಸಿಕೊಳ್ಳಿ. 72ರಿಂದ 75ರ ಒಳಗೆ ತೂಕ ಓಡಾಡ್ತಾ ಇರುತ್ತೆ. ಓಡಾಡಿಕೊಂಡಿರಲಿ ಬಿಡಿ."

ಕುಣಿಯಬೇಕಿತ್ತು. ಬಸ್ಸಿನಲ್ಲಿ ಕೂತು ಅತ್ತೆ. ಇಳಿಸುವುದು ಗೊತ್ತು ನನಗೆ. ನಿಲ್ಲುವುದು ಗೊತ್ತಿಲ್ಲ.

ಏಪ್ರಿಲ್ 7, ಸೋಮವಾರ

74.6.

ಮೂರೇ ದಿನ ರೊಟ್ಟಿ ತಿಂದದ್ದು. ಅದೂ ಅರ್ಧರ್ಧ! ಇಳಿದು ಮತ್ತೆ ಹತ್ತಿದೆ. ಮಷೀನನ್ನು ಬಾಗಿಲ ಹತ್ತಿರ ಎಳೆದು ಹತ್ತಿದೆ. 74.6. ಒದೆಯಬೇಕೆನಿಸಿತು. ಒದ್ದೆ. ಹೆಬ್ಬೆರಳು ನೋಯುತ್ತಿದೆ.

ಇಷ್ಟು ಸಾಲದೆಂಬಂತೆ ಸಂಜೆ ಇಕ್ರಾಮ್ ಅತ್ತಿಗೆ ಬಂದರು. ನನ್ನ ಗಂಡ ಶೌಕಿಯ ಅಕ್ಕ, ಮೆಟ್ಟಿಲ ಮೇಲೆ ಮೊದಲು ಅವರ ಬಳೆ ಸದ್ದು, ಆಮೇಲೆ ಅವರು. ಕಂಕುಳಲ್ಲಿ ಒಂದು ಗಂಟು. ಬಿಚ್ಚಿದರೆ ನನ್ನ ಹಳೆಯ ಗಲಬಿಯಾಗಳು! ಮನೆಯಲ್ಲಿ ತೊಡುವ ಆ ಡೇರೆಯಂಥ ನಿಲುವಂಗಿಗಳನ್ನು ಮಸೀದಿಗೆ ಕೊಡಿ ಎಂದು ಚಳಿಗಾಲದಲ್ಲೇ ಅವರ ಕೈಗೆ ಕೊಟ್ಟಿದ್ದೆ.

"ಒಗೆದು ಇಸ್ತ್ರಿ ಮಾಡಿಟ್ಟಿದ್ದೆ ಕಣೇ. ಕೊಡೋಕೆ ಮನಸ್ಸಾಗಲಿಲ್ಲ. ಬೇಕಾಗುತ್ತೆ."

"ಯಾರಿಗೆ ಅತ್ತಿಗೆ?"

"ಇನ್ಯಾರಿಗೆ? ಹನೀನ್ ಹುಟ್ಟಿದಾಗ ಒಂದ್ಸಲ ಇಳಿಸ್ದೆ, ನಿನ್ನ ತಮ್ಮನ ಮದುವೇಲಿ ಒಂದ್ಸಲ ಇಳಿಸ್ದೆ. ಎರಡು ಸಲಾನೂ ಮೊದಲಿಗಿಂತ ಹೆಚ್ಚಾಗೇ ಊದಿಕೊಂಡ್ಯಲ್ಲ. ನನಗೇನು ಹೊಟ್ಟೆಕಿಚ್ಚಾ? ದುಡ್ಡು ಉಳೀಲಿ ಅಂತ ಹೇಳ್ದೆ."

ಅವರಂದದ್ದು ನಿಜ. ಎರಡು ಸಲ ಸೋತಿದ್ದೇನೆ. ಮೂರನೆಯ ಸಲ ಸೋತರೆ ಆ ನೀಲಿ ಹೂವಿನ ಗಲಬಿಯಾದೊಳಗೆ ಹೋಗಿ ಕೂರಬೇಕು. ಸಾಯುವವರೆಗೆ ಈ ಹೆಂಗಸಿನ ಮಾತು ಕೇಳಬೇಕು.

ರೊಟ್ಟಿ ಬಂದ್.

ಏಪ್ರಿಲ್ 9, ಬುಧವಾರ

73.5. ಸೌತೆಕಾಯಿ, ಮೊಸರು, ಕಾಫಿ. ಗೆದ್ದೆ!

ಆದರೆ ಕ್ಲಾಸಿನಲ್ಲಿ ಕಣ್ಣು ಕತ್ತಲೆ ಬಂತು. ಹಲಗೆಯ ಮೇಲೆ ದೇಶದ ಭೂಪಟ ಬರೆಯುತ್ತಿದ್ದವಳು ದಕ್ಷಿಣದ ತುದಿಯ ಅಸ್ವಾನ್ ಊರನ್ನು ಕೊಂಡುಹೋಗಿ ಸಮುದ್ರದ ದಂಡೆಯಲ್ಲಿಟ್ಟೆ. ಭೂಗೋಳದ ಟೀಚರ್! ಮಕ್ಕಳು ಬಿದ್ದುಬಿದ್ದು ನಕ್ಕರು. ನಾನೂ ನಕ್ಕೆ, ಮೇಜು ಗಟ್ಟಿಯಾಗಿ ಹಿಡಿದುಕೊಂಡು.

ಏಪ್ರಿಲ್ 12, ಶನಿವಾರ

ತೂಕ ನೋಡಲಿಲ್ಲ. ಆಗಲಿಲ್ಲ.

ಬಚ್ಚಲಿಗೆ ಹೋದೆ. ಸೋಪಿನ ಬಟ್ಟಲಲ್ಲಿ ಅದಾಗಲೇ ಓಲೆಗಳಿದ್ದವು. ನನ್ನವಲ್ಲ. ಹನೀನಳ ಪುಟ್ಟ ಚಂದ್ರದ ಓಲೆ.

ಹದಿನಾಲ್ಕು ವರ್ಷ. ಕಡ್ಡಿಯಂತಿದ್ದಾಳೆ. ಓಲೆ ಬಿಚ್ಚಿ ಮಷೀನು ಹತ್ತುತ್ತಾಳೆ ನನ್ನ ಮಗಳು.

ಮಧ್ಯಾಹ್ನ ಊಟಕ್ಕೆ ಕರೆದೆ.

"ಹಸಿವಿಲ್ಲಮ್ಮ. ಆಗಲೇ ಸೌತೆಕಾಯಿ ತಿಂದೆ."

ನನ್ನದೇ ಮಾತು. ನನ್ನದೇ ರಾಗ. ತಟ್ಟೆ ಸರಿಸುವ ಆ ಕೈ ಕೂಡ ನನ್ನದೇ. ಅವಳ ಮುಂದೆ ಕೂತಿದ್ದ ನನ್ನ ತಟ್ಟೆಯಲ್ಲೂ ಸೌತೆಕಾಯಿಯೇ. ಯಾವ ಬಾಯಲ್ಲಿ "ಊಟ ಮಾಡು" ಎನ್ನಲಿ?

ಭಯವಾಗುತ್ತಿದೆ. ಇಕ್ರಾಮ್ ಅತ್ತಿಗೆಯ ಗಂಟಿಗಿಂತ ನೂರು ಪಾಲು ಭಯ.

ಏಪ್ರಿಲ್ 16, ಬುಧವಾರ

ಡಾಕ್ಟರ್ ಮಗ್ದಾ ಹತ್ತಿರ ಹೋಗಿದ್ದೆ. ಚೆನ್ನಾಗಿ ಉಗಿದರು.

"ರೊಟ್ಟಿ ಒಳಗೆ ಬಂದ್ರೆ ಜೊತೆಗೆ ನೀರೂ ಬಂದು ಕೂರುತ್ತೆ. ಅದು ಕೊಬ್ಬಲ್ಲ ಅಂತ ಹೇಳಿದ್ನೋ ಇಲ್ವೋ? ನೀವು ದಿನಾ ಒಂದು ಅಂಕಿ ನೋಡಿ ದಿನಾ ಸಾಯ್ತೀರ. ವಾರಕ್ಕೊಂದು ಸಲ ಒಟ್ಟು ಹೇಗಿದೆ ನೋಡಿ. 75 ದಾಟಿ ಎರಡು ವಾರ ಅಲ್ಲೇ ನಿಂತರೆ ನನ್ನ ಹತ್ರ ಬನ್ನಿ. ಅಲ್ಲೀವರೆಗೆ ತಿನ್ನಿ!"

ಹನೀನಳ ವಿಷಯ ಹೇಳಿದೆ. ಪೆನ್ನು ಕೆಳಗಿಟ್ಟರು.

"ಅವಳಿಗೆ ಬೈಬೇಡಿ. ಅವಳ ಎದುರಿಗೆ ಕೂತು ಊಟ ಮಾಡಿ. ಹೆದರದೆ ಮಾಡಿ. ಆಮೇಲೂ ಅವಳು ತಿನ್ನದೇ ಹೋದ್ರೆ ತಡಮಾಡಬೇಡಿ, ಕರ್ಕೊಂಡು ಬನ್ನಿ."

ಹೆದರದೆ. ಹೇಳುವುದು ಸುಲಭ. ಆದರೂ ಬರುವಾಗ ಬಿಸಿ ರೊಟ್ಟಿ ಕೊಂಡೆ. ರಸ್ತೆಯಲ್ಲೇ ಒಂದನ್ನು ಮುರಿದು ತಿಂದೆ, ನಡೆಯುತ್ತಾ. ಯಾರು ಬೇಕಾದರೂ ನೋಡಿಕೊಳ್ಳಲಿ.

ಏಪ್ರಿಲ್ 19, ಶನಿವಾರ

ಕತ್ತರಿ ಹಿಡಿದೆ. ಮೂರು ಗಲಬಿಯಾ. ಹೊಲಿಗೆ ಬಿಚ್ಚಿ, ಅಗಲ ಮಾಡಿ, ಒಂದಕ್ಕೊಂದು ಸೇರಿಸಿ ಹೊಲಿಯುತ್ತಿದ್ದೇನೆ. ಹೊಲಿಗೆ ಮಿಷನ್ ಸದ್ದಿಗೆ ಹನೀನ್ ಬಂದು ನಿಂತಳು.

"ಏನಮ್ಮ ಇದು?"

"ಸೋಮವಾರ ನೋಡುವೆಯಂತೆ."

"ಮತ್ತೆ ದಪ್ಪ ಆದ್ರೆ ಏನು ಹಾಕ್ಕೋತೀಯ?"

ಅತ್ತಿಗೆ ಕೇಳಿದ್ದರೆ ಜಗಳವಾಡುತ್ತಿದ್ದೆ. ಇವಳು ಕೇಳಿದಾಗ ಮಿಷನ್ ನಿಲ್ಲಿಸಿದೆ. "ಹೊಸದು ಹೊಲಿಸ್ತೀನಿ," ಎಂದೆ. "ಅದಕ್ಕೋಸ್ಕರ ಈಗಿಂದಲೇ ಅಳ್ತಾ ಕೂರಲ್ಲ."

ಏಪ್ರಿಲ್ 21, ಸೋಮವಾರ. ಸಂಜೆ

ಶಮ್ಮುನ್ನಸೀಮ್, ವಸಂತದ ಹಬ್ಬ. ಇಡೀ ಮನ್ಸೂರಾ ಊರು ನೈಲ್ ದಂಡೆಗೆ ಬಂದು ಬಿದ್ದಿತ್ತು. ಒಂದಿಂಚು ಹುಲ್ಲು ಕಾಣದಷ್ಟು ಜನ, ಬಣ್ಣ ಹಚ್ಚಿದ ಮೊಟ್ಟೆ, ಈರುಳ್ಳಿ ಸೊಪ್ಪು. ಎಲ್ಲದರ ಮೇಲೂ ಫಸೀಖ್ ವಾಸನೆ. ಉಪ್ಪಿನಲ್ಲಿ ವಾರಗಟ್ಟಲೆ ಹೂತಿಟ್ಟ ಮೀನು. ವರ್ಷಕ್ಕೊಂದು ದಿನ ಆ ನಾತವೇ ಪರಿಮಳ.

ಎಲ್ಲರೂ ಪೇಪರ್ ಹಾಸಿದರೆ ನಾನು ನನ್ನ ಬಟ್ಟೆ ಹಾಸಿದೆ. ನಾವು ಏಳು ಜನ ಆರಾಮಾಗಿ ಕೂತೆವು. ಕೂತ ಮೇಲೂ ಮೂಲೆಯಲ್ಲಿ ಜಾಗ ಉಳಿಯಿತು. ಇಕ್ರಾಮ್ ಅತ್ತಿಗೆ ಮೀನಿನ ಪೊಟ್ಟಣ ಬಿಚ್ಚುತ್ತಿದ್ದವರು ಕೈ ನಿಲ್ಲಿಸಿದರು. ನೀಲಿ ಹೂವು ಗುರುತು ಸಿಕ್ಕಿತು.

"ಅಯ್ಯೋ! ಇದು ಆ ಗಲಬಿಯಾ ಅಲ್ವೇನೇ?"

"ಅದೇ ಅತ್ತಿಗೆ. ನೀವು ಹೇಳಿದ್ದು ನಿಜ, ಬೇಕಾಯ್ತು."

ಶೌಕಿ ನಗು ತಡೆಯಲಾರದೆ ಈರುಳ್ಳಿ ನೆತ್ತಿಗೇರಿಸಿಕೊಂಡ. ಅತ್ತಿಗೆಯ ಮುಖ ಬಿಗಿಯಿತು.

"ನಗ್ರೀ, ನಗ್ರೀ. ನಾಳೆ ಬೆಳಗ್ಗೆ ಬರ್ತೀನಿ. ಧೈರ್ಯ ಇದ್ರೆ ನನ್ನೆದುರಿಗೆ ಮಷೀನು ಹತ್ತು."

"ಬನ್ನಿ. ತಿಂಡಿಗೂ ನಮ್ಮಲ್ಲಿಗೇ ಬನ್ನಿ."

ರೊಟ್ಟಿಯಲ್ಲಿ ಮೀನಿಟ್ಟು, ನಿಂಬೆ ಹಿಂಡಿ, ಕಣ್ಣು ಮುಚ್ಚಿ ತಿಂದೆ. ಎರಡು ವರ್ಷವಾಗಿತ್ತು ಆ ರುಚಿ ನಾಲಿಗೆಗೆ ತಾಗಿ. ಹನೀನ್ ಲೆಟ್ಯೂಸ್ ಎಲೆ ಕಡಿಯುತ್ತಾ ನನ್ನ ಬಾಯನ್ನೇ ನೋಡುತ್ತಿದ್ದಳು.

"ನಾಳೆ ಜಾಸ್ತಿ ತೋರಿಸುತ್ತಮ್ಮ."

"ತೋರಿಸುತ್ತೆ. ಇಷ್ಟು ಉಪ್ಪು ತಿಂದರೆ ಇನ್ನೇನು?"

"ಗೊತ್ತಿದ್ದೂ ತಿಂತೀಯಾ?"

"ಗೊತ್ತಿದ್ದೇ ತಿಂತೀನಿ."

ಅವಳು ಮೀನು ಮುಟ್ಟಲಿಲ್ಲ. ಒಂದು ಮೊಟ್ಟೆ ಸುಲಿದಳು. ಬಿಳಿ ತಿಂದಳು, ಹಳದಿ ಬಿಟ್ಟಳು. ನೋಡಿಯೂ ನೋಡದ ಹಾಗೆ ಕೂತೆ. ಆ ಹಳದಿ ಇನ್ನೂ ಕಣ್ಣ ಮುಂದಿದೆ.

ಏಪ್ರಿಲ್ 22, ಮಂಗಳವಾರ. ಬೆಳಗ್ಗೆ 7:30

ಬಾಯಿ ಒಣಗಿ ಎದ್ದೆ. ರಾತ್ರಿಯಿಡೀ ಒಂಟೆಯ ಹಾಗೆ ನೀರು ಕುಡಿದಿದ್ದೇನೆ. ಉಂಗುರ ಕಳಚಲು ಹೋದರೆ ಬರಲೇ ಇಲ್ಲ. ಬೆರಳು ಊದಿತ್ತು.

ಅತ್ತಿಗೆ ಆರೂವರೆಗೇ ಹಾಜರ್. ಬಚ್ಚಲ ಬಾಗಿಲು ಹಾಕಲಿಲ್ಲ. ಪೂರ್ತಿ ತೆರೆದಿಟ್ಟೆ. ಉಂಗುರ, ಓಲೆ, ಮನೆಯಂಗಿ, ಎಲ್ಲ ಮೈಮೇಲಿಟ್ಟುಕೊಂಡೇ ಹತ್ತಿದೆ. ಬಾಗಿಲಲ್ಲಿ ಅತ್ತಿಗೆ, ಹಿಂದೆ ಬ್ರಷ್ ಬಾಯಲ್ಲಿಟ್ಟುಕೊಂಡ ಶೌಕಿ, ಅವನ ತೋಳಿನ ಕೆಳಗಿಂದ ಹನೀನ್.

76.4.

ಕಾಲು ತಣ್ಣಗಾಯಿತು. ಸುಳ್ಳೇಕೆ ಹೇಳಲಿ. ಗೊತ್ತಿದ್ದರೂ ತಣ್ಣಗಾಯಿತು. ಆಮೇಲೆ ಮನೆಗೆಲ್ಲ ಕೇಳುವ ಹಾಗೆ ಓದಿದೆ. "ಎಪ್ಪತ್ತಾರೂವರೆಗೆ ಸ್ವಲ್ಪ ಕಮ್ಮಿ!"

"ನೋಡಿದ್ರಾ!" ಅತ್ತಿಗೆ ಚಪ್ಪಾಳೆ ತಟ್ಟಿದರು. "ಎಪ್ಪತ್ಮೂರು ಅಂತಿದ್ದೆ, ಒಂದೇ ದಿನಕ್ಕೆ ಮೂರು ಕಿಲೋ! ನಾನು ಹೇಳಲಿಲ್ವಾ?"

"ಅತ್ತಿಗೆ, ನಿನ್ನೆ ನೀವು ತಂದ ಮೀನೆಷ್ಟು?"

"ಎರಡು ಕಿಲೋ. ಯಾಕೆ?"

"ಎರಡು ಕಿಲೋ ಮೀನನ್ನ ಏಳು ಜನ ತಿಂದ್ವಿ. ನನ್ನೊಬ್ಬಳಿಗೇ ಮೂರು ಕಿಲೋ ಕೊಬ್ಬು ಎಲ್ಲಿಂದ ಬಂತು? ನಿಮ್ಮ ಬಳೆ ಸ್ವಲ್ಪ ತೆಗೀರಿ ನೋಡೋಣ."

ಎಳೆದರು. ಸೋಪು ಹಚ್ಚಿ ಎಳೆದರು. ಅಲ್ಲಾಡಲಿಲ್ಲ. ಉಪ್ಪಿಗೆ ಅವರ ಕೈಯೂ ಊದಿತ್ತು. ಬಳೆ ಸದ್ದಿಲ್ಲದೆ ಮೆಟ್ಟಿಲು ಹತ್ತಿ ಬಂದಿದ್ದಾರೆಂದು ಆಗ ಹೊಳೆಯಿತು ನನಗೆ. ಮೊದಲು ನಕ್ಕವಳು ಹನೀನ್.

"ಅತ್ತೇ, ನೀವೂ ಹತ್ತಿ!"

"ಹೋಗೇ, ನನಗೇನು ಹುಚ್ಚಾ? ಚಹಾ ಎಲ್ಲಿ?"

ತಿಂಡಿಗೆ ಫೂಲ್ ಕಾಳು, ರೊಟ್ಟಿ, ಟೊಮೆಟೊ. ಅರ್ಧ ರೊಟ್ಟಿ ತಿಂದೆ, ಎಂದಿನಂತೆ. ಹೆಚ್ಚೂ ಇಲ್ಲ, ಕಮ್ಮಿಯೂ ಇಲ್ಲ. ಅಗಿದು ಅಗಿದು ಇಳಿಸಿದೆ. ಹನೀನ್ ಬರೀ ಚಹಾ ಕುಡಿದು ಶಾಲೆಗೆ ಹೋದಳು. ಹೋಗುವಾಗ ಬಾಗಿಲಲ್ಲಿ ತಿರುಗಿ ಕೇಳಿದಳು. "ಇಳಿಯುತ್ತಾ ಅಮ್ಮ? ತಿಂದ್ರೂನೂ?"

"ಶುಕ್ರವಾರ ನೀನೇ ಬಂದು ನೋಡು."

ಹೇಳಿಬಿಟ್ಟೆ. ಇಳಿಯದಿದ್ದರೆ?

ಏಪ್ರಿಲ್ 24, ಗುರುವಾರ

ಮಷೀನಿನ ಹತ್ತಿರ ಸುಳಿದಿಲ್ಲ. ಕೈ ತುರಿಸುತ್ತಿದೆ. ಮೂರು ಹೊತ್ತೂ ಊಟ. ಸೌತೆಕಾಯಿ ಹೆಚ್ಚಿದ್ದು ಸಾಲಡ್‌ಗೆ ಮಾತ್ರ. ರಾತ್ರಿ ಹನೀನ್ ನನ್ನ ತಟ್ಟೆಯಿಂದ ಒಂದು ಚಮಚ ಅನ್ನ ತೆಗೆದುಕೊಂಡಳು. ಉಪ್ಪಿನಕಾಯಿ ಬಟ್ಟಲು ಅವಳ ಕಡೆ ಸರಿಸಿದೆ.

ಏಪ್ರಿಲ್ 25, ಶುಕ್ರವಾರ. ಬೆಳಗ್ಗೆ 8

ಉಂಗುರ ಸಲೀಸಾಗಿ ತಿರುಗಿತು. ಕಳಚಲಿಲ್ಲ.

ಹನೀನ್ ಬಗ್ಗಿ ಅಂಕಿ ಓದಿದಳು. 73.9. ಮತ್ತೊಮ್ಮೆ ಓದಿದಳು.

"ಸರಿಯಾಗಿ ನಿಂತಿದ್ದೀಯಾ ನೀನು?"

"ಸರಿಯಾಗಿಯೇ ನಿಂತಿದ್ದೀನಿ."

ಅವಳು ಮಷೀನು ನೋಡಿದಳು. ಹತ್ತುತ್ತಾಳೇನೋ ಎಂದುಕೊಂಡೆ. ಕಾಲಲ್ಲಿ ಅದನ್ನು ಬಟ್ಟೆ ಬುಟ್ಟಿಯ ಹಿಂದಕ್ಕೆ ತಳ್ಳಿ ಅಡುಗೆಮನೆಗೆ ಹೋದಳು. ಓಲೆಗಳು ಕಿವಿಯಲ್ಲೇ ಇದ್ದವು. ಸೋಪಿನ ಬಟ್ಟಲಲ್ಲಿ ಸೋಪು ಬಿಟ್ಟು ಏನಿಲ್ಲ. ಒಂದು ಬೆಳಗ್ಗೆ, ಅಷ್ಟೆ. ನಾಳೆಯದು ನಾಳೆ. ಆದರೂ ಖುಷಿ.

ಒಳಗಿಂದ ಕೂಗು. "ಅಮ್ಮಾ! ಒಂದೇ ರೊಟ್ಟಿ ಉಳಿದಿದೆ. ನಾನು ತಿಂತೀನಿ!"

ಅದರಲ್ಲಿ ಅರ್ಧ ನನ್ನದು. ಡಾಕ್ಟರ್ ಕೊಟ್ಟಿದ್ದು, ಬಿಡುವವಳಲ್ಲ ನಾನು. ಈಗ ಎದ್ದು ಹೋಗದಿದ್ದರೆ ಇವಳು ಪೂರ್ತಿ—