ಬಾಗಿಲ ಮುಂದಿನ ಒಂದೇ ಒಂದು ಕಲ್ಲು

ವಾಡಿ
೧೦ ಅಕ್ಟೋಬರ್ ೨೦೨೫, ಶುಕ್ರವಾರ

ಶಹಾಬಾದಿನಲ್ಲಿ ಕಲ್ಲು ಪಾಲಿಶ್ ಮಾಡುತ್ತ ಹೆಂಡತಿಯನ್ನು ಮರೆತು ಕುಳಿತಿರುವ ಯಜಮಾನರಿಗೆ ರಾಧಿಕಾಳ ನಮಸ್ಕಾರ.

ನಮಸ್ಕಾರ ಹೇಳಿದಳೆಂದು ಸಿಟ್ಟು ಇಳಿದಿದೆ ಎಂದುಕೊಳ್ಳಬೇಡಿ. ಫೋನಿನಲ್ಲಾದರೆ ನಾಲ್ಕನೇ ಮಾತಿಗೆ ಜಗಳ ಬೀಳುತ್ತೇವೆ, ಅದಕ್ಕೇ ಈ ಕಾಗದ. ಇದರಲ್ಲಿ ನಡುವೆ ಬಾಯಿ ಹಾಕಲು ನಿಮಗೆ ಆಗುವುದಿಲ್ಲ. ಒಂದು ಸಂಗತಿ ವಾರದಿಂದ ನನ್ನ ತಲೆ ತಿನ್ನುತ್ತಿದೆ. ಕಲ್ಲಿನ ವಿಷಯ, ಕಲ್ಲಿನ ಕೆಲಸದವರನ್ನೇ ಕೇಳಬೇಕು.

ಪಕ್ಕದ ಮನೆಯ ಜೈತುನ್ಬೀ ಚಾಚಿಯೂ ನಾನೂ ಸೇರಿ ಮನೆ ತೊಳೆದುಕೊಡುವ, ಬಟ್ಟೆ ಇಸ್ತ್ರಿ ಮಾಡಿಕೊಡುವ ಕೆಲಸ ಶುರು ಮಾಡುತ್ತೇವೆ ಎಂದಾಗ ನೀವು ಆಡಿದ ಮಾತು ನನಗೆ ಬಾಯಿಪಾಠವಾಗಿದೆ. "ಮಂದಿ ಮನಿ ನೆಲ ತಿಕ್ಕಾಕಿ ಗಂಡ ಅನ್ನಿಸ್ಕೊಂಡು ನಾ ಈ ಊರಾಗ ಇರಂಗಿಲ್ಲ." ದೀಪಾವಳಿಯೊಳಗೆ ಗಿರಾಕಿ ನಿಲ್ಲದಿದ್ದರೆ ಈ ಬಾಡಿಗೆ ಮನೆ ಬಿಟ್ಟು ಗುಂಡಗುರ್ತಿಗೆ, ನಿಮ್ಮಣ್ಣನ ಮನೆಗೆ ನಡೆಯಬೇಕು ಎಂದಿರಿ. ನಾನೂ ಹಠಕ್ಕೆ ಹೂಂ ಅಂದೆ. ನೀವು ಹಾಸಿಗೆ ಸುತ್ತಿಕೊಂಡು ಹೊರಟೇಬಿಟ್ಟಿರಿ. ಆ ಮನೆಯಲ್ಲಿ ನಾನು ಹೇಗಿದ್ದೆ ಎಂದು ನಿಮಗೆ ಗೊತ್ತು, ಒಂದು ಕಪ್ ಚಹಾಕ್ಕೂ ವಾರಗಿತ್ತಿಯ ಮುಖ ನೋಡಬೇಕಿತ್ತು. ಅಲ್ಲಿಗೆ ಮರಳುವ ಬದಲು ಇಡೀ ವಾಡಿಯ ನೆಲ ತಿಕ್ಕೇನು.

ಆದರೆ ತಿಕ್ಕಲು ಯಾರಾದರೂ ಕರೆಯಬೇಕಲ್ಲ? ಹಸ್ತಪತ್ರಿಕೆ ಹಾಕಿಸಿದೆವು. ಮರುದಿನವೇ ಸ್ಟೇಷನ್ ಮುಂದಿನ ಬಂಡಿಯವನು ಅದರಲ್ಲೇ ಮಿರ್ಚಿ ಭಜಿ ಕಟ್ಟಿ ನನ್ನ ಕೈಗಿಟ್ಟ. ಸ್ಟೇಟಸ್ಸಿಗೆ ಹಾಕಿದರೆ ನಮ್ಮ ಬಳಗದವರೇ ನೋಡಿ ಹೆಬ್ಬೆರಳು ಎತ್ತಿದರು. ಕೊನೆಗೆ ಚಾಚಿ ಒಂದು ಉಪಾಯ ಹೇಳಿದಳು. ಯಾರದಾದರೂ ಅಂಗಿಯ ಒಂದೇ ತೋಳಿಗೆ ಪುಕ್ಕಟೆ ಇಸ್ತ್ರಿ ಮಾಡಿಕೊಟ್ಟರೆ ಇನ್ನೊಂದು ತೋಳಿಗೆ ತಾವೇ ಓಡಿ ಬರುತ್ತಾರಂತೆ. ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಗುವಾಗಲೇ ನನಗೆ ಕಲ್ಲಿನ ಉಪಾಯ ಹೊಳೆದದ್ದು.

ವಾಡಿಯ ಸಿಮೆಂಟಿನ ಧೂಳು ನಿಮಗೆ ಹೇಳಬೇಕೇ? ಮಳೆ ಬಿದ್ದು ಕಚ್ಚಿಕೊಂಡರೆ ಮನೆಯವರಿಗೇ ತಮ್ಮ ಅಂಗಳದ ಪರಸಿಕಲ್ಲಿನ ಬಣ್ಣ ಮರೆತುಹೋಗಿರುತ್ತದೆ. ಅವರು ಏಳುವ ಮೊದಲು ಹೋಗಿ ಬಾಗಿಲ ಮುಂದಿನ ಒಂದೇ ಒಂದು ಕಲ್ಲನ್ನು ತೊಳೆದು, ನಂಬರಿನ ಚೀಟಿ ಇಟ್ಟು ಬರುವುದು. ಬೂದಿ ಬಡಿದ ಕಲ್ಲುಗಳ ನಡುವೆ ಅದೊಂದು ಕರಿನೀಲಿಯಾಗಿ ಮಿಂಚಿದರೆ ಉಳಿದವು ಕಣ್ಣಿಗೆ ಚುಚ್ಚದೆ ಇರುತ್ತವೆಯೇ?

ಮೊದಲ ದಿನ ನಮ್ಮ ಓಣಿಯ ಶರಣಬಸಮ್ಮನವರ ಕಟ್ಟೆ. ಕಲೆ ಹೋಗಲಿಲ್ಲವೆಂದು ಲಿಂಬೆಹೋಳು ಉಜ್ಜಿದೆ. ಚೀಟಿ ಹಾರದಿರಲೆಂದು ಅದೇ ಹೋಳನ್ನು ಮೇಲಿಟ್ಟು ಬಂದೆ. ಅವತ್ತು ಅಮಾವಾಸ್ಯೆ ಎನ್ನುವುದು ನನ್ನ ತಲೆಯಲ್ಲೇ ಇರಲಿಲ್ಲ. ಚೀಟಿ ಹಾರಿಹೋಯಿತು, ಲಿಂಬೆ ಉಳಿಯಿತು.

ಮುಂದಿನದು ಊಹಿಸಿಕೊಳ್ಳಿ. ಅಮಾವಾಸ್ಯೆಯ ಬೆಳಿಗ್ಗೆ ಬಾಗಿಲ ಮುಂದೆ ಕೊಯ್ದ ಲಿಂಬೆ ಕಂಡರೆ ನಮ್ಮ ಸೀಮೆಯಲ್ಲಿ ಯಾರು ಜಾಹೀರಾತು ಅಂದಾರು? ಭಾನಾಮತಿ ಮಾಡಿಸಿದ್ದಾರೆ ಎಂದು ಓಣಿಯೆಲ್ಲ ಕೂಡಿತು. ಒಬ್ಬರ ಎಮ್ಮೆ ಹಾಲು ಬತ್ತಿಸಿದ್ದು, ಇನ್ನೊಬ್ಬರ ಮೊಮ್ಮಗನಿಗೆ ಜ್ವರ ಬಂದದ್ದು, ಎಲ್ಲವೂ ನನ್ನ ಲಿಂಬೆಯ ಲೆಕ್ಕಕ್ಕೆ ಬಂತು. ಬಾಯಿ ಬಿಡಬೇಡ, ಹೊಡೆದಾರು ಎಂದು ಚಾಚಿ ನನ್ನ ಸೆರಗು ಜಗ್ಗಿದಳು. ಭಯವಾಯಿತು ರೀ, ಸುಳ್ಳೇಕೆ ಹೇಳಲಿ. ಆದರೆ ಯಾರೋ ಮೂಲೆಮನೆಯ ಒಂಟಿ ಮುದುಕಿ ಹೀರಾಬಾಯಿಯ ಹೆಸರು ಎತ್ತಿದರು. ಆಮೇಲೆ ನನಗೆ ಸುಮ್ಮನಿರಲು ಆಗಲಿಲ್ಲ. ಮುಂದೆ ಹೋಗಿ ನಿಂತು, "ಅದು ನಾ ಮಾಡಿದ್ದರಿ ಯಕ್ಕ. ಮಾಟ ಅಲ್ಲರಿ, ಜಾಹೀರಾತು" ಎಂದೆ.

ಶರಣಬಸಮ್ಮ ನನ್ನನ್ನೂ ಕಲ್ಲನ್ನೂ ಮೇಲಿಂದ ಕೆಳಗೆ ನೋಡಿದರು. "ಹಂಗಾದ್ರ ಉಳಿದ ಕಲ್ಲೂ ಹಿಂಗೇ ಮಾಡಿ ತೋರ್ಸು. ಆಗ ನಂಬ್ತೀನಿ" ಎಂದರು. ಓಣಿ ನೋಡುತ್ತ ನಿಂತಿತು, ನಾನು ತಿಕ್ಕುತ್ತ ಕುಳಿತೆ. ಕಟ್ಟೆ ಮುಗಿಯುವ ಹೊತ್ತಿಗೆ ಅವರು ಚಹಾದ ಜೊತೆ ತಮ್ಮ ಯಜಮಾನರ ಅಂಗಿಗಳ ಗಂಟನ್ನೂ ತಂದು ಚಾಚಿಯ ಮುಂದಿಟ್ಟರು. ಅವರೇ ನಮ್ಮ ಮೊದಲ ಗಿರಾಕಿ. ಅಂದಿನಿಂದ ಚಾಚಿ ಲಿಂಬೆಯನ್ನು ಸಾರಿಗೂ ಹಿಂಡುತ್ತಿಲ್ಲ.

ಈಗ ನನ್ನ ತಲೆ ತಿನ್ನುವ ಸಂಗತಿ. ಈ ಸುದ್ದಿ ಶಹಾಬಾದಿನವರೆಗೂ ಹೋಯಿತಂತೆ, ಜನ ನಗುತ್ತ ಹೇಳಿಕೊಂಡರಂತೆ. ಅದಾಗಿ ಸ್ವಲ್ಪ ದಿನಕ್ಕೆ ಸ್ಟೇಷನ್ ಆಚೆಯ ಓಣಿಯಿಂದ ಫೋನ್ ಬರತೊಡಗಿದವು. "ನೀವು ತೊಳೆದ ಕಲ್ಲು ನೋಡಿದೆವು, ಉಳಿದದ್ದನ್ನೂ ತೊಳೆಯಿರಿ" ಎನ್ನುತ್ತಾರೆ. ಆ ಓಣಿಗೆ ನಾನು ಕಾಲೇ ಇಟ್ಟಿಲ್ಲ! ಹೋಗಿ ನೋಡಿದರೆ ನಿಜ, ಮನೆಮನೆಯ ಮುಂದೆ ಒಂದೊಂದು ಕಲ್ಲು ಮಿಂಚುತ್ತಿದೆ. ನನ್ನದು ಬರೀ ತೊಳೆದ ಕಲ್ಲು. ಇವು ಸಾಣೆ ಹಿಡಿದು ಉಜ್ಜಿದವು, ಬಗ್ಗಿದರೆ ಮುಖ ಕಾಣುತ್ತದೆ. ಸಂದಿಯ ಸಿಮೆಂಟನ್ನೂ ಕೆರೆದು ತೆಗೆದಿದ್ದಾರೆ. ಲಿಂಬೆಯ ವಾಸನೆಯಿಲ್ಲ. ಹುಳಿ ತಾಗಿದರೆ ಕಲ್ಲಿನ ಹೊಳಪು ಸಾಯುತ್ತದೆ ಎಂದು ನೀವು ಯಾವಾಗಲೋ ಹೇಳಿದ್ದಿರಿ, ಆ ಮನುಷ್ಯನಿಗೂ ಅದು ಗೊತ್ತಿರಬೇಕು. ಚೀಟಿಯ ಮೇಲೆ ನುಣುಪಾದ ಕಲ್ಲಿನ ಚೂರು ಇಟ್ಟಿದ್ದಾರೆ. ನನ್ನ ನಂಬರಿನಲ್ಲಿ ಒಂದಂಕಿಯೂ ತಪ್ಪಿಲ್ಲ.

ಜಿನ್ನು ಇರಬೇಕು ಎಂದು ಚಾಚಿ ಹೇಳುತ್ತಾಳೆ. ಜಿನ್ನಿಗೆ ಬೇರೆ ಕೆಲಸವಿಲ್ಲವೇ? ಬೆಳಗಿನ ಪ್ಯಾಸೆಂಜರ್ ಗಾಡಿಗೆ ಯಾರೋ ಬಕೆಟ್ ಹಿಡಿದು ಓಡಿದ್ದನ್ನು ಕಂಡೆ ಎಂದು ಭಜಿಯವನು ಹೇಳುತ್ತಾನೆ. ಎಲ್ಲರ ಬಾಗಿಲಿಗೂ ಹೋಗುವ ಆ ಮಹಾಶಯ ನನ್ನ ಬಾಗಿಲಿಗೆ ಮಾತ್ರ ಬಂದಿಲ್ಲ. ಯಾರಿರಬಹುದು ಹೇಳಿ.

ಯಾರೇ ಇರಲಿ, ಈಗ ದಿನವೂ ಕೈತುಂಬ ಕೆಲಸ. ದೀಪಾವಳಿಗೆ ಮನೆ ತೊಳೆಯಲು ಹೇಳಿದವರಿಗೆಲ್ಲ ಹೂಂ ಅನ್ನಲೂ ಆಗುತ್ತಿಲ್ಲ. ಗುಂಡಗುರ್ತಿಯ ಮಾತು ಮುಗಿಯಿತು. ಗೆದ್ದೆ ಎಂದು ಕುಣಿಯಬೇಕಿತ್ತು. ಆದರೆ ಸಂಜೆ ಒಬ್ಬಳೇ ರೊಟ್ಟಿ ತಟ್ಟುವಾಗ ಗೆದ್ದ ಹಾಗೆ ಅನ್ನಿಸುವುದಿಲ್ಲ ರೀ.

ಇಂತಿ,
ಮಂದಿ ಮನೆಯ ನೆಲ ತಿಕ್ಕುವ ನಿಮ್ಮ
ರಾಧಿಕಾ

ತಾ.ಕ.: ಕಾಗದದ ಜೊತೆ ಒಂದು ಟವೆಲ್ ಕಟ್ಟಿದ್ದೇನೆ. ಮೊನ್ನೆ ಆ ಓಣಿಯ ಕಟ್ಟೆಯ ಮೇಲೆ ಸಿಕ್ಕಿತು. ಅಂಚಿನಲ್ಲಿ ನಾನೇ ಹಾಕಿದ ಕೆಂಪು ದಾರದ ಹೊಲಿಗೆ ಇದೆ. ತೊಳೆದು, ಚಾಚಿಯ ಉಪಾಯದಂತೆ ಅರ್ಧಕ್ಕೆ ಮಾತ್ರ ಇಸ್ತ್ರಿ ಮಾಡಿಸಿದ್ದೇನೆ. ಉಳಿದರ್ಧಕ್ಕೆ ಮನೆಗೆ ಬರ್ರಿ. ಕತ್ತಲಲ್ಲಿ ಬ್ಯಾಡ, ಮಂದಿ ನೋಡುವ ಹೊತ್ತಿಗೆ ಬಕೆಟ್ ಹಿಡಕೊಂಡೇ ಬರ್ರಿ.